ಕೊಯ್ಲಿನ ದುಡ್ಡು, ಸೆಮಿಸ್ಟರಿನ ಫೀಸು

ಕಾಫಿ ತೋಟದ ಮನೆಗೆ ದೊಡ್ಡ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗುತ್ತದೆ. ಅದು ಮುಗಿಯುತ್ತಿದ್ದಂತೆ, ಸಂಕ್ರಾಂತಿಯ ಆಸುಪಾಸಿಗೆ, ರೊಬಸ್ಟಾ ಕೊಯ್ಲು ಶುರು. ಪಲ್ಪರ್, ಕಣ, ಮೂಟೆ, ಲಾರಿ ಎಲ್ಲ ಮುಗಿದು ಮಾರಾಟದ ಲೆಕ್ಕ ಕೈಗೆ ಸಿಗುವಾಗ ಫೆಬ್ರವರಿಯೋ ಮಾರ್ಚೋ ಆಗಿರುತ್ತದೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಖರ್ಚು, ಆಮೇಲೆ ಗೊಬ್ಬರ, ಮರಗಸಿ, ಕಪಾತು, ವಾರವಾರದ ಬಟವಾಡೆ, ಮನೆ, ಮದುವೆ, ಆಸ್ಪತ್ರೆ ಎಲ್ಲವೂ ಮುಂದಿನ ಕೊಯ್ಲಿನ ತನಕ ಇದೇ ದುಡ್ಡಿನಲ್ಲಿ ನಡೆಯಬೇಕು.

ಹೊರದೇಶಕ್ಕೆ ಓದಲು ಹೊರಟ ಮಕ್ಕಳ ಫೀಸು ಕಟ್ಟುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮೂಡಿಗೆರೆ, ಕಳಸದ ಕಡೆ ಅದು ಜಡಿಮಳೆಯ ಕಾಲ. ತೋಟಕ್ಕೆ ದುಡ್ಡು ಹಾಕುವುದಿರುತ್ತದೆ, ತೋಟದಿಂದ ಬರುವುದಿರುವುದಿಲ್ಲ. ಈ ಎರಡು ಪಂಚಾಂಗಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಗುಡ್ಡಗಾಡಿನ ಮಕ್ಕಳು ಡಬ್ಲಿನ್, ಡ್ರೆಸ್ಡೆನ್, ಮೆಲ್ಬರ್ನ್‌ಗಳಲ್ಲಿ ಪಡುವ ಹಣದ ಕಷ್ಟಕ್ಕೆ ಮನೆಯಲ್ಲಿ ದುಡ್ಡು ಕಡಿಮೆಯಿರುವುದು ಒಂದು ಕಾರಣ ನಿಜ. ಆದರೆ ಬೇಕಾದ ತಿಂಗಳಲ್ಲಿ ಬೇಕಾದಷ್ಟು ಕೈಯಲ್ಲಿಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ವಿದೇಶ ವ್ಯಾಸಂಗದ ಸಲಹೆ ಕೊಡುವವರೆಲ್ಲ ತಿಂಗಳ ಸಂಬಳದ ಕುಟುಂಬವನ್ನೇ ಕಣ್ಣಮುಂದಿಟ್ಟುಕೊಂಡು ಮಾತಾಡುತ್ತಾರೆ. ವರ್ಷಕ್ಕೊಮ್ಮೆ ಮೂಟೆ ಮಾರುವ ಮನೆಗೆ ಆ ಸಲಹೆ ಅರ್ಧ ಮಾತ್ರ ಅನ್ವಯ.

ಹಿಂದೆ ಹೋದವರ ಕಷ್ಟ ಬೇರೆ ಬಗೆಯದು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು, ‘ಸಂಸ್ಕಾರ’ ಬರೆದದ್ದೂ ಅಲ್ಲೇ. ಆ ಕಾಲದಲ್ಲಿ ದೇಶದ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗಿತ್ತು. ವಿಮಾನ ಹತ್ತುವವರು ಕೈಯಲ್ಲಿ ಎಂಟು ಡಾಲರ್, ಅಂದರೆ ಮೂರು ಪೌಂಡಿನಷ್ಟು ಮಾತ್ರ ಒಯ್ಯಬಹುದಿದ್ದ ದಿನಗಳವು. ಮನೆಯಲ್ಲಿ ಎಷ್ಟೇ ಎಕರೆ ತೋಟವಿದ್ದರೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಗನಿಗೆ ದುಡ್ಡು ಕಳಿಸುವಂತಿರಲಿಲ್ಲ. ಹಾಗಾಗಿ ಹೋದವರು ಬಹುತೇಕ ವಿದ್ಯಾರ್ಥಿವೇತನ ನೆಚ್ಚಿಕೊಂಡವರು, ಇಲ್ಲವೇ ಅಲ್ಲೇ ಸಂಪಾದಿಸಿ ಓದಿದವರು. ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಆ ಕಾಲದಲ್ಲಿ ಬೆಳೆಗಾರನಿಗೆ ದುಡ್ಡು ಕಂತುಕಂತಾಗಿ ಬರುತ್ತಿತ್ತು. ತಡವಾಗುತ್ತದೆ, ಕಡಿಮೆ ಸಿಗುತ್ತದೆ ಎಂಬ ದೂರು ಸದಾ ಇತ್ತು. 1990ರ ದಶಕದ ನಡುವೆ ಮುಕ್ತ ಮಾರುಕಟ್ಟೆ ಬಂದ ಮೇಲೆ ಬೆಲೆ ಬೆಳೆಗಾರನ ಕೈಗೆ ಬಂತು; ಜೊತೆಗೆ ಯಾವಾಗ ಮಾರಬೇಕೆಂಬ ಹೊಣೆಯೂ ಬಂತು. 2004ರಲ್ಲಿ ರಿಸರ್ವ್ ಬ್ಯಾಂಕ್ ಉದಾರೀಕೃತ ರವಾನೆ ಯೋಜನೆಯನ್ನು ತಂದಾಗ ಮಿತಿ ವರ್ಷಕ್ಕೆ 25 ಸಾವಿರ ಡಾಲರ್. ಈಗ ಅದು ತಲಾ ಎರಡೂವರೆ ಲಕ್ಷ ಡಾಲರ್. ಹಣ ಕಳಿಸುವ ಬಾಗಿಲು ತೆರೆದ ಮೇಲೆ ದೊಡ್ಡ ಎಸ್ಟೇಟಿನವರ ಜೊತೆಗೆ ಎಂಟು ಹತ್ತು ಎಕರೆಯವರ ಮಕ್ಕಳೂ ಹೊರಟರು. ವಿದೇಶದಲ್ಲಿ ಓದುತ್ತಿರುವ ಭಾರತೀಯರು 13 ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರ 2024ರಲ್ಲಿ ಹೇಳಿತ್ತು.

ಕಾಫಿ ಬೆಲೆ ಏರಿದ್ದು ಈ ಹೊರಡುವಿಕೆಗೆ ರೆಕ್ಕೆ ಕಟ್ಟಿದೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್‌ನ 50 ಕೆ.ಜಿ. ಮೂಟೆ 25 ಸಾವಿರ ರೂಪಾಯಿ ದಾಟಿತು. ಅದಕ್ಕೆ ಐದು ವರ್ಷ ಹಿಂದೆ ಅದೇ ಮೂಟೆಗೆ ಹತ್ತು ಸಾವಿರದ ಆಸುಪಾಸು ಇತ್ತು. ಜರ್ಮನಿಯ ಉದಾಹರಣೆಯಿಂದ ಈ ವ್ಯತ್ಯಾಸವನ್ನು ಅಳೆಯಬಹುದು. ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. 2020ರಲ್ಲಿ ಅದು 10,236 ಯೂರೊ. ಯೂರೊಗೆ 80 ರೂಪಾಯಿಯಂತೆ ಎಂಟು ಲಕ್ಷ ಚಿಲ್ಲರೆ, ಅಂದರೆ ಎಂಬತ್ತಕ್ಕೂ ಹೆಚ್ಚು ಮೂಟೆ ಅರೇಬಿಕಾ. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. 2025ರಲ್ಲಿ ಯೂರೊ ನೂರು ರೂಪಾಯಿ ದಾಟಿತು, ಮೊತ್ತ ಹನ್ನೆರಡು ಲಕ್ಷ ಮೀರಿತು. ಆದರೂ ಆ ವರ್ಷದ ಬೆಲೆಗೆ ಐವತ್ತು ಮೂಟೆಯೊಳಗೇ ಲೆಕ್ಕ ಚುಕ್ತಾ. ಯೂರೊ ತುಟ್ಟಿಯಾದರೂ ನಮ್ಮ ಮೂಟೆಯ ಲೆಕ್ಕದಲ್ಲಿ ಜರ್ಮನಿ ಆಗ ಅಗ್ಗವಾಯಿತು.

ಇದರ ಹಿಂದಿರುವ ಕಾರಣ ನಮ್ಮ ಭಾಗದ ಪಾಲಕರಿಗೆ ತಿಳಿದಿರಬೇಕಾದದ್ದು. ಅರೇಬಿಕಾ ಬೆಲೆ ತೀರ್ಮಾನವಾಗುವುದು ನ್ಯೂಯಾರ್ಕ್‌ನಲ್ಲಿ, ರೊಬಸ್ಟಾ ಬೆಲೆ ಲಂಡನ್‌ನಲ್ಲಿ, ಎರಡೂ ಡಾಲರಿನಲ್ಲಿ. ದೇಶದ ಕಾಫಿಯಲ್ಲಿ ದೊಡ್ಡ ಪಾಲು ಹೊರಕ್ಕೇ ಹೋಗುತ್ತದೆ, ಅದರಲ್ಲೂ ಇಟಲಿ, ಜರ್ಮನಿಗಳಿಗೆ. ರೂಪಾಯಿ ಕುಸಿದಾಗ ಬೆಂಗಳೂರಿನ ಸಂಬಳದಾರನ ಎದೆ ಒಡೆಯುತ್ತದೆ. ಬೆಳೆಗಾರನಿಗೆ ಮಾತ್ರ ಮೂಟೆಯ ಬೆಲೆಯಲ್ಲಿ ಒಂದಿಷ್ಟು ಹಿಂದಿರುಗುತ್ತದೆ. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ಗೋದಾಮಿನಲ್ಲಿ ಕಾಫಿ ಇಟ್ಟುಕೊಂಡವರಿಗೆ ಆ ಆಸರೆ ಇತ್ತು. ಜೂನ್‌ನಲ್ಲೇ ಎಲ್ಲ ಮಾರಿ ಮುಗಿಸಿ ರೂಪಾಯಿಯಲ್ಲಿ ಕೂತವರಿಗೆ ಇರಲಿಲ್ಲ. ಕಾಳುಮೆಣಸು ಇನ್ನೂ ಒಳ್ಳೆಯ ಆಸರೆ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡದ ಸರಕು ಅದು. ಮಲೆನಾಡಿನ ಮನೆಗಳು ಮೆಣಸಿನ ಚೀಲವನ್ನು ಮೊದಲಿಂದಲೂ ಠೇವಣಿಯ ಹಾಗೆ ನೋಡಿಕೊಂಡು ಬಂದಿವೆ. ಮಗಳ ಎರಡನೇ ವರ್ಷದ ಫೀಸಿಗೆಂದೇ ಒಂದಿಷ್ಟು ಚೀಲ ಎತ್ತಿಟ್ಟರೆ ಆಗಸ್ಟಿನ ಬಿಕ್ಕಟ್ಟು ಅರ್ಧ ಕರಗುತ್ತದೆ.

ಆದರೆ 2025ರ ಬೆಲೆಯನ್ನು ನಂಬಿ ಎರಡು ಮೂರು ವರ್ಷದ ಕೋರ್ಸಿಗೆ ಕೈಹಾಕುವುದು ಅಪಾಯ. 2000ದ ಆಚೀಚೆಯ ಬೆಲೆ ಕುಸಿತವನ್ನು ಕಂಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ; ಬ್ಯಾಂಕ್ ಸಾಲಕ್ಕೆ ತೋಟ ಸಿಕ್ಕಿಬಿದ್ದದ್ದು ಆಗಲೇ. ಆಮೇಲೆ 2018, 2019ರ ಆಗಸ್ಟ್ ಮಳೆ ಬಂತು. 2019ರಲ್ಲಿ ಮೂಡಿಗೆರೆ, ಕಳಸದ ಗುಡ್ಡಗಳು ಕುಸಿದು ಕೆಲವರ ಫಸಲಿನ ತೋಟವೇ ಕೊಚ್ಚಿಹೋಯಿತು. ಎಕರೆಗೆ ಐದಾರು ಮೂಟೆ ಬರುವ ಸಾಮಾನ್ಯ ತೋಟದಲ್ಲಿ ಐವತ್ತು ಮೂಟೆ ಎಂದರೆ ಎಂಟು ಹತ್ತು ಎಕರೆಯ ಇಡೀ ಫಸಲು. ಅದರಲ್ಲಿ ಕೂಲಿ ಗೊಬ್ಬರ ಇನ್ನೂ ಕಳೆದಿಲ್ಲ. ಹಾಗಾಗಿ ಪೂರ್ತಿ ಫಸಲಿನ ಮೇಲೆ ಓದಿಸುತ್ತೇನೆ ಎಂಬ ಸಣ್ಣ ಬೆಳೆಗಾರ ಕೊನೆಗೆ ಬ್ಯಾಂಕಿನ ಬಾಗಿಲಿಗೇ ಹೋಗುತ್ತಾನೆ.

ಅಲ್ಲಿ ಕಾದಿರುವುದು ಕಾಗದದ ತೊಡಕು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಸುಸ್ತಿ ಸಾಲಕ್ಕೆ ಅಡವಿನ ಆಸ್ತಿಯನ್ನು ಬ್ಯಾಂಕೇ ಹರಾಜು ಹಾಕಲು ಬಿಡುವ ಸರ್ಫೇಸಿ ಕಾಯ್ದೆಯ ಹೊರಗೆ ಕೃಷಿ ಭೂಮಿ ಇರುವುದರಿಂದ ಶಿಕ್ಷಣ ಸಾಲಕ್ಕೆ ಅದನ್ನು ಒಪ್ಪಲು ಅವು ಹಿಂಜರಿಯುತ್ತವೆ; ಪೇಟೆಯ ಮನೆ, ನಿವೇಶನ ತನ್ನಿ ಎನ್ನುತ್ತವೆ. ಹೀಗಿದ್ದೂ ಅದೇ ಕಾಯ್ದೆಯಡಿ ಕಾಫಿ ತೋಟಗಳಿಗೆ ಹರಾಜು ನೋಟಿಸು ಬಂದದ್ದೂ ಉಂಟು, ಕಾಫಿಯನ್ನು ಅದರಿಂದ ಕೈಬಿಡಿ ಎಂದು ಬೆಳೆಗಾರರ ಸಂಘಟನೆಗಳು ಹೋರಾಡುತ್ತಿರುವುದೂ ಉಂಟು. ಒಂದೇ ತೋಟ ಸಾಲ ಕೊಡುವಾಗ ಭದ್ರತೆಯಾಗುವುದಿಲ್ಲ, ಸಾಲ ವಸೂಲಿಯಲ್ಲಿ ಹರಾಜಿಗೆ ಯೋಗ್ಯವಾಗುತ್ತದೆ. ಈ ಅನ್ಯಾಯದ ಬಗ್ಗೆ ಮಾತು ಸಾಲದು ಎಂದೇ ನನಗನ್ನಿಸುತ್ತದೆ. ಜೊತೆಗೆ ತೋಟ ಆಗಲೇ ಬೆಳೆಸಾಲಕ್ಕೆ ಅಡವಾಗಿರುತ್ತದೆ. ಒತ್ತುವರಿ ಜಾಗದಲ್ಲಿ ತಲೆಮಾರಿನಿಂದ ಕಾಫಿ ಬೆಳೆದವರ ಕೈಯಲ್ಲಿ ತೋರಿಸಲು ಪಹಣಿಯೇ ಇರುವುದಿಲ್ಲ. ಭದ್ರತೆ ಕೇಳದ ಖಾಸಗಿ ಹಣಕಾಸು ಕಂಪನಿಗಳು ಸಾಲ ಕೊಡುತ್ತವೆ, ಬಡ್ಡಿ ಹೆಚ್ಚು. ಓದು ಮುಗಿಯುವ ಮೊದಲೇ ಬಡ್ಡಿ ಕಟ್ಟಿ ಎನ್ನುವ ಷರತ್ತನ್ನು ಸಹಿ ಹಾಕುವ ಮೊದಲು ಓದಬೇಕು. 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ವಿದೇಶಕ್ಕೂ ಸಿಗುತ್ತದೆ ಎಂದು ನಂಬಿ ಕೂತ ಮನೆಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಲೈನ್‌ಮನೆಯ ತೋಟದ ಕೂಲಿಕಾರರ ಮಕ್ಕಳ ದಾರಿ ಬೇರೆಯೇ. ಅವರಿಗೆ ಅಡವಿಡಲು ಏನೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶ ವ್ಯಾಸಂಗಕ್ಕೆ ನೆರವಾಗುವ ರಾಜ್ಯದ ‘ಪ್ರಬುದ್ಧ’ ಯೋಜನೆಯಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನ. ಅದರಲ್ಲಿ ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಸೇರಿ ಇಡೀ ದೇಶಕ್ಕೆ ನಾಲ್ಕು. ಕಾಫಿಯ ಬೆಲೆ ಎರಡೂವರೆ ಪಟ್ಟಾದ ವರ್ಷದಲ್ಲೂ ಆ ಕಾಫಿ ಕೊಯ್ದವರ ಮಕ್ಕಳಿಗೆ ಈ ಬಾಗಿಲು ಅಷ್ಟೇ ಕಿರಿದು. ತೋಟದ ಮಾಲೀಕರ ಸಂಘಗಳು ತಮ್ಮ ಮಕ್ಕಳ ಶಿಕ್ಷಣ ಸಾಲದ ಮಾತೆತ್ತುವಾಗ ಈ ನಾಲ್ಕನ್ನು ಹೆಚ್ಚಿಸುವ ಮಾತನ್ನೂ ಎತ್ತುವುದು ನ್ಯಾಯ.

ದುಡ್ಡು ಒದಗಿತು ಎನ್ನಿ, ಕಳಿಸುವುದು ಹೇಗೆ? ಕಳಸದಂಥ ಊರಿನ ಸಣ್ಣ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ಅಲ್ಲೇ ಮುಗಿಯುವುದು ಅಪರೂಪ. ಎ2 ನಮೂನೆ, ಪ್ರವೇಶ ಪತ್ರ, ಪಾಸ್‌ಪೋರ್ಟ್ ಪ್ರತಿ ಎಲ್ಲ ಕೊಟ್ಟು ಅದು ದೊಡ್ಡ ಶಾಖೆಗೆ ಹೋಗಿ ಬರಬೇಕು. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಒಟಿಪಿ ಬರುವುದಿಲ್ಲ. ಫೀಸಿನ ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಈ ಕೆಲಸಕ್ಕೆ ಕೂರಬೇಕು ಎಂದು ಬಲ್ಲವರು ಹೇಳುವುದು ಇದಕ್ಕೇ.

ತೆರಿಗೆಯ ಸಂಗತಿಯೊಂದು ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುತ್ತದೆ. 2020ರ ಅಕ್ಟೋಬರಿನಿಂದ ಹೊರದೇಶಕ್ಕೆ ಕಳಿಸುವ ಹಣದ ಮೇಲೆ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತಾರೆ. ಮೊದಲು ವರ್ಷಕ್ಕೆ ಏಳು ಲಕ್ಷದವರೆಗೆ ವಿನಾಯಿತಿ ಇತ್ತು, 2025ರ ಏಪ್ರಿಲ್‌ನಿಂದ ಹತ್ತು ಲಕ್ಷ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಆಗಿನಿಂದ ಹಿಡಿಯುವುದೇ ಇಲ್ಲ. ಸ್ವಂತ ದುಡ್ಡಿಗೆ 2025–26ರಲ್ಲಿ ಮಿತಿ ದಾಟಿದ ಭಾಗದ ಮೇಲೆ ಶೇ 5. ಇದು ಹೋದ ದುಡ್ಡಲ್ಲ, ಕಳಿಸಿದವರ ಪ್ಯಾನ್ ಮೇಲೆ ಜಮೆಯಾಗುವ ಮುಂಗಡ ತೆರಿಗೆ. ತೊಂದರೆ ಏನೆಂದರೆ, ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವ ಬೆಳೆಗಾರನ ಕಾಫಿ ವರಮಾನದಲ್ಲಿ ಶೇ 25 ಭಾಗ ಮಾತ್ರ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ತೆರಿಗೆಯೇ ಬೀಳದ ಸಣ್ಣ ಬೆಳೆಗಾರರು ರಿಟರ್ನ್ಸ್ ಸಲ್ಲಿಸುವ ಅಭ್ಯಾಸ ಇಟ್ಟುಕೊಂಡಿರುವುದಿಲ್ಲ. ಸಲ್ಲಿಸದಿದ್ದರೆ ಆ ಹಣ ವಾಪಸು ಬರುವುದಿಲ್ಲ. ಇಲ್ಲಿ ಕೊಯ್ಲಿನ ಪಂಚಾಂಗ ನಮಗೆ ಅನುಕೂಲವೇ ಆಗಿದೆ: ಮೂಟೆಯ ದುಡ್ಡು ಕೈಗೆ ಬರುವುದು ಮಾರ್ಚ್‌ನಲ್ಲಿ, ಆರ್ಥಿಕ ವರ್ಷ ಮುಗಿಯುವುದೂ ಮಾರ್ಚ್ 31ಕ್ಕೆ. ಪ್ರವೇಶ ಪತ್ರ ಆಗಲೇ ಕೈಯಲ್ಲಿದ್ದರೆ ಒಂದು ಭಾಗವನ್ನು ಮಾರ್ಚ್‌ನಲ್ಲಿ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಕಳಿಸಿ ಎರಡು ವರ್ಷದ ಮಿತಿಯನ್ನು ಬಳಸಿಕೊಳ್ಳಬಹುದು. ತಂದೆ ತಾಯಿ ಇಬ್ಬರಿಗೂ ಅವರವರದೇ ವರಮಾನ, ಅವರವರದೇ ಪ್ಯಾನ್ ಇದ್ದರೆ ಮಿತಿಯೂ ಬೇರೆ ಬೇರೆ.

ಇಂಗ್ಲೆಂಡಿನ ನಿಯಮ ಮಾತ್ರ ಬೆಳೆಗಾರರನ್ನು ನೇರವಾಗಿ ಹೊಡೆಯುತ್ತದೆ. ಅಲ್ಲಿಯ ವೀಸಾಕ್ಕೆ ಬಾಕಿ ಫೀಸಿನ ಜೊತೆಗೆ ಜೀವನವೆಚ್ಚವೂ ಖಾತೆಯಲ್ಲಿ ಸತತ 28 ದಿನ ಇರಬೇಕು. 2025ರ ಆರಂಭದಲ್ಲಿ ಈ ಜೀವನವೆಚ್ಚ ಲಂಡನ್‌ಗೆ ತಿಂಗಳಿಗೆ 1,483 ಪೌಂಡ್, ಹೊರಗಡೆ 1,136 ಇತ್ತು, ಒಂಬತ್ತು ತಿಂಗಳವರೆಗೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೂರು ಮೂಟೆ ಇದೆ, ಸಾಲವಿಲ್ಲದ ತೋಟ ಇದೆ ಎಂದರೆ ವೀಸಾ ಅಧಿಕಾರಿಗೆ ಅದು ಹಣವಲ್ಲ. ಈ ಸಂದಿಯಲ್ಲಿ ಹುಟ್ಟಿಕೊಂಡವರು 28 ದಿನಕ್ಕೆ ಬಡ್ಡಿಗೆ ದುಡ್ಡು ತೋರಿಸಿಕೊಡುವವರು. ‘ಶೋ ಮನಿ’ ಎಂದೇ ಅದಕ್ಕೆ ಹೆಸರು. ವೀಸಾ ಬಂದ ಮರುದಿನ ಆ ದುಡ್ಡು ಹಿಂದೆ ಹೋಗುತ್ತದೆ, ಹುಡುಗ ಬರಿಗೈಯಲ್ಲಿ ಮ್ಯಾಂಚೆಸ್ಟರಿನಲ್ಲಿ ಇಳಿಯುತ್ತಾನೆ. ಮೊದಲ ವಾರದಿಂದಲೇ ಕೆಲಸ ಹುಡುಕಬೇಕು, ವಾರಕ್ಕೆ 20 ಗಂಟೆಯ ಮಿತಿ ಮೀರಬೇಕು, ಮೀರಿದರೆ ವೀಸಾಕ್ಕೇ ಕುತ್ತು. ಕೆನಡಾ ಕೇಳುವ ಮೊತ್ತವೂ 2024ರಲ್ಲಿ ಹತ್ತು ಸಾವಿರದಿಂದ 20,635 ಕೆನಡಿಯನ್ ಡಾಲರಿಗೆ ಜಿಗಿಯಿತು, 2025ರ ಸೆಪ್ಟೆಂಬರಿನಲ್ಲಿ 22,895 ಆಯಿತು. ಈ ಮೊತ್ತಗಳನ್ನು ವೀಸಾದ ಅಡಚಣೆ ಎಂದು ನೋಡುವುದಕ್ಕಿಂತ ಆ ಊರಲ್ಲಿ ನಿಜವಾಗಿ ಬದುಕಲು ಬೇಕಾಗುವ ಕನಿಷ್ಠ ದುಡ್ಡು ಎಂದು ನೋಡುವುದು ಕ್ಷೇಮ.

ಜರ್ಮನಿಯ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿಟ್ಟ 11,904 ಯೂರೊ ಒಟ್ಟಿಗೆ ಸಿಗುವುದಿಲ್ಲ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಅದನ್ನು ಪಡೆಯಲು ಅಲ್ಲಿ ಚಾಲ್ತಿ ಖಾತೆ ಬೇಕು, ಇರುವ ಜಾಗದ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು, ವಿಳಾಸಕ್ಕೆ ಮನೆ ಬೇಕು. ಮನೆಗೆ ಮುಂಗಡ ಬೇಕು. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಇರಬಹುದು. ಹೀಗೆ ಖಾತೆಯಲ್ಲಿ ಹನ್ನೆರಡು ಲಕ್ಷ ಇದ್ದೂ ಮೊದಲ ಕೆಲವು ವಾರ ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಒಂದೂವರೆ ಎರಡು ಸಾವಿರ ಯೂರೊ ಬೇರೆಯಾಗಿ ಫಾರೆಕ್ಸ್ ಕಾರ್ಡಿನಲ್ಲಿ, ಒಂದಿಷ್ಟು ನೋಟಾಗಿಯೂ ಒಯ್ಯಬೇಕು. ಅಲ್ಲಿಯ ಸಣ್ಣ ಬೇಕರಿಗಳು ಈಗಲೂ ನೋಟು ಕೇಳುತ್ತವೆ. ಯುಪಿಐಗೆ ಒಗ್ಗಿದ ಕೈಗೆ ಇದು ಹೊಸದು. ಆಮೇಲೆ 992ರಲ್ಲಿ ವಿಮೆಗೆ ನೂರನಲವತ್ತರ ಆಸುಪಾಸು ಹೋಗುತ್ತದೆ, ಕೊಠಡಿಗೆ ಮುನ್ನೂರರಿಂದ ಐನೂರು, ಮ್ಯೂನಿಕ್‌ನಲ್ಲಿ ಅದಕ್ಕೂ ಮೇಲೆ. ಉಳಿದದ್ದು ಊಟ, ಫೋನು, ಓಡಾಟಕ್ಕೆ.

ತಿಂಗಳಿಗಿಷ್ಟೇ ಎಂಬ ಈ ಬಿಗಿ ನನಗೆ ಒಳ್ಳೆಯದಾಗಿ ಕಾಣುತ್ತದೆ. ತೋಟದ ಮನೆಯಲ್ಲಿ ಬೆಳೆದವರಿಗೆ ತಿಂಗಳ ಬಜೆಟ್ ಎಂಬುದು ಅನುಭವಕ್ಕೆ ಬಂದಿರುವುದಿಲ್ಲ. ಸುಗ್ಗಿಯಲ್ಲಿ ಧಾರಾಳ, ಮಳೆಗಾಲದಲ್ಲಿ ಬಿಗಿ, ನಡುವೆ ಅಂಗಡಿಯಲ್ಲಿ ವರ್ಷದ ಖಾತೆ. ಇದನ್ನೇ ಕಂಡ ಹುಡುಗನ ಕೈಗೆ ಇಡೀ ವರ್ಷದ ದುಡ್ಡು ಕೊಟ್ಟು ಕಳಿಸಿದರೆ ಅಕ್ಟೋಬರ್ ಸುಗ್ಗಿಯಾಗುತ್ತದೆ, ಏಪ್ರಿಲ್ ಮಳೆಗಾಲವಾಗುತ್ತದೆ. ಐರ್ಲೆಂಡ್, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಇಂಥ ಬೀಗವಿಲ್ಲ, ಆದ್ದರಿಂದ ಅಲ್ಲಿಗೆ ಹೋದವರು ತಾವೇ ಎರಡು ಖಾತೆ ಇಟ್ಟು ತಿಂಗಳ ಮೊದಲ ದಿನ ಒಂದರಿಂದ ಇನ್ನೊಂದಕ್ಕೆ ನಿಗದಿ ಮೊತ್ತ ಹರಿಯುವಂತೆ ಮಾಡಿಕೊಳ್ಳಬೇಕು. ತೋಟದಲ್ಲೇ ಕಲಿತ ಒಂದು ಶಿಸ್ತು ಅಲ್ಲೂ ನಡೆಯುತ್ತದೆ: ಚೆಕ್‌ರೋಲ್. ರೈಟರು ದಿನವೂ ಯಾರು ಬಂದರು, ಎಷ್ಟು ಕೆ.ಜಿ. ಕೊಯ್ದರು ಎಂದು ಬರೆದು ಶನಿವಾರದ ಬಟವಾಡೆಗೆ ತಾಳೆ ಹಾಕುವ ಹಾಗೆ, ಮಾಡಿದ ಗಂಟೆಗಳನ್ನು ತಾನೇ ಬರೆದಿಟ್ಟು ಸಂಬಳ ಚೀಟಿಗೆ ಹೋಲಿಸಬೇಕು. ಗಂಟೆ ಕಡಿಮೆ ಹಾಕುವ ಮಾಲೀಕರು ಎಲ್ಲ ದೇಶದಲ್ಲೂ ಇದ್ದಾರೆ. ಗಂಟೆಯ ಮಿತಿಗೂ ಈ ಬರಹವೇ ಸಾಕ್ಷಿ: ಜರ್ಮನಿಯಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ, ಕೆನಡಾದಲ್ಲಿ ತರಗತಿಯ ಕಾಲದಲ್ಲಿ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48, ಐರ್ಲೆಂಡಿನಲ್ಲಿ ವಾರಕ್ಕೆ 20, ರಜೆಯಲ್ಲಿ 40.

ದುಡ್ಡು ಸೋರುವ ಸಣ್ಣ ತೂತುಗಳೂ ಇವೆ. ಊರಿನ ಡೆಬಿಟ್ ಕಾರ್ಡನ್ನು ಅಲ್ಲಿ ಉಜ್ಜಿದರೆ ವಿನಿಮಯದ ಮೇಲೆ ಶೇ 3ರ ಆಸುಪಾಸು ಹೆಚ್ಚುವರಿ. ಎಟಿಎಂ ‘ರೂಪಾಯಿಗೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಎನ್ನಬೇಕು, ಅಲ್ಲಿಯ ಹಣದಲ್ಲೇ ತೆಗೆಯಬೇಕು. ನೋಡದ ಮನೆಗೆ ಮುಂಗಡ ಕಳಿಸಬಾರದು. ಇವೆಲ್ಲಕ್ಕಿಂತ ಅಪಾಯದ್ದು ಇನ್ನೊಂದು: ‘ನಿಮ್ಮ ಅಪ್ಪ ಇಲ್ಲಿ ನಮ್ಮವರಿಗೆ ರೂಪಾಯಿ ಕೊಡಲಿ, ನಾನು ನಿನಗೆ ಇಲ್ಲೇ ಪೌಂಡ್ ಹಾಕುತ್ತೇನೆ, ಬ್ಯಾಂಕಿಗಿಂತ ಒಳ್ಳೆಯ ರೇಟು’ ಎನ್ನುವ ಪರಿಚಯದವರು. ಇದು ವಿದೇಶಿ ವಿನಿಮಯದ ಫೆಮಾ ಕಾಯ್ದೆಗೆ ವಿರುದ್ಧ. ಆ ಪೌಂಡ್ ಕಳವಿನದೋ ವಂಚನೆಯದೋ ಆಗಿದ್ದರೆ ವಿದ್ಯಾರ್ಥಿಯ ಖಾತೆಯೇ ಸ್ತಂಭಿಸುತ್ತದೆ. ವೀಸಾ ನವೀಕರಣದ ಹೊತ್ತಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಹೊರಟ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಏಕೆಂದರೆ ವಿದೇಶದಲ್ಲಿ ಓದುವವರನ್ನು ರಿಸರ್ವ್ ಬ್ಯಾಂಕ್ 2003ರಿಂದ ಅನಿವಾಸಿಯೆಂದೇ ಪರಿಗಣಿಸುತ್ತದೆ. ಅನಿವಾಸಿಯಾದವರು ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ವಾರಸುದಾರರಾಗಿ ಬಂದದ್ದನ್ನು ಉಳಿಸಿಕೊಳ್ಳಬಹುದು. ಪಕ್ಕದ ತೋಟ ಮಾರಾಟಕ್ಕೆ ಬಂತೆಂದು ಓದುತ್ತಿರುವ ಮಗನ ಹೆಸರಿಗೆ ಖರೀದಿಸುವ ಮುನ್ನ ಇದನ್ನು ವಕೀಲರಲ್ಲಿ ಕೇಳಿಕೊಳ್ಳಬೇಕು.

ಇನ್ನು ಓಡಾಟ. ನಮ್ಮ ಮಕ್ಕಳಿಗೆ ಬಸ್ಸಿನ ಬೆಲೆ ಗೊತ್ತು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಎಷ್ಟೋ ಊರುಗಳಿಗೆ ಬಸ್ ಎಂದರೆ ಏನೆಂದು ತೋರಿಸಿತು. ರಿಯಾಯಿತಿ ಪಾಸಿನಲ್ಲಿ ವಿದ್ಯಾರ್ಥಿಗಳನ್ನು ಕಾಲೇಜು ಮುಟ್ಟಿಸಿತು. 2020ರಲ್ಲಿ ಅದು ನಿಂತಿತು. ಇಂದಿಗೂ ಒಳಗಿನ ಊರುಗಳಲ್ಲಿ ಬೆಳಗಿನ ಬಸ್ ತಪ್ಪಿದರೆ ತೋಟದ ಜೀಪೇ ಗತಿ. ಹೊರದೇಶಕ್ಕೆ ಹೊರಡುವ ದಿನವೂ ಮಳೆಯದೇ. ಚಾರ್ಮಾಡಿ ಘಾಟಿ 2019ರ ಆಗಸ್ಟ್‌ನಲ್ಲಿ ಕುಸಿದು ಮುಚ್ಚಿದ್ದನ್ನು ಕೊಟ್ಟಿಗೆಹಾರದ ಕಡೆಯವರು ಮರೆತಿಲ್ಲ. ಕಳಸದಿಂದ ಕುದುರೆಮುಖ, ಕಾರ್ಕಳದ ಮೇಲೆ ಮಂಗಳೂರಿಗೆ ಹೋಗಬಹುದು. ಬೆಂಗಳೂರಿನಿಂದ ವಿಮಾನವಾದರೆ ಮೂಡಿಗೆರೆ, ಬೇಲೂರು, ಹಾಸನದ ದಾರಿ. ವಿಮಾನದ ದಿನಕ್ಕೆ ಎರಡು ದಿನ ಮೊದಲೇ ಘಾಟಿ ಅಥವಾ ಗುಡ್ಡ ಇಳಿದಿರುವುದು ಜಾಣತನ.

ಅಲ್ಲಿ ಇಳಿದ ಮೇಲೆ ಓಡಾಟದ ಪ್ರಶ್ನೆ ಬಾಡಿಗೆಯ ಪ್ರಶ್ನೆಗೆ ಅಂಟಿಕೊಂಡೇ ಬರುತ್ತದೆ. ಜರ್ಮನಿಯ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ವಂತಿಗೆಯೊಳಗೇ ಇಡೀ ದೇಶದ ಬಸ್ಸು, ಟ್ರಾಮು, ಸ್ಥಳೀಯ ರೈಲುಗಳ ಟಿಕೆಟ್ ಸೇರಿರುತ್ತದೆ. 2025ರಲ್ಲಿ ಸಾರ್ವಜನಿಕರ ಡಾಯ್ಚ್‌ಲಾಂಡ್ ಟಿಕೆಟ್ ತಿಂಗಳಿಗೆ 58 ಯೂರೊ ಇದ್ದಾಗ ವಿದ್ಯಾರ್ಥಿಗೆ ಅದರ ಶೇ 60, ಅಂದರೆ 34 ಯೂರೊ 80 ಸೆಂಟ್ ಬಿತ್ತು. ಇಂಥ ಟಿಕೆಟ್ ಇದ್ದವರು ದುಬಾರಿ ನಗರದ ನಡುವೆಯೇ ಕೊಠಡಿ ಹುಡುಕಬೇಕಿಲ್ಲ, ಅರ್ಧ ಗಂಟೆ ದೂರದ ಊರಿನ ಅಗ್ಗದ ಬಾಡಿಗೆಗೆ ಹೋಗಬಹುದು. ಆದರೆ ವೇಗದ ಐಸಿಇ ರೈಲಿಗೆ ಅದು ನಡೆಯುವುದಿಲ್ಲ. ಗೊತ್ತಿಲ್ಲದೆ ಹತ್ತಿದವರಿಗೆ 60 ಯೂರೊ ದಂಡದಿಂದ ಲೆಕ್ಕ ಶುರು. ಸಿಡ್ನಿಯಲ್ಲಿ ಇದೇ ಸೂತ್ರ ತಿರುಗುಮುರುಗು. ನ್ಯೂ ಸೌತ್ ವೇಲ್ಸ್ ರಾಜ್ಯ ವಿದೇಶಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ರಿಯಾಯಿತಿ ಕೊಡುವುದಿಲ್ಲ, ದೊಡ್ಡವರ ದರವೇ. ಅಲ್ಲಿ ದೂರದ ಅಗ್ಗದ ಮನೆ ಕೊನೆಗೆ ಅಗ್ಗವಾಗದಿರಬಹುದು. ಐರ್ಲೆಂಡಿನಲ್ಲಿ ವಿದ್ಯಾರ್ಥಿ ಲೀಪ್ ಕಾರ್ಡಿಗೆ ಅರ್ಧ ದರ, ಲಂಡನ್‌ನಲ್ಲಿ ವಿದ್ಯಾರ್ಥಿ ಆಯ್ಸ್ಟರ್ ಕಾರ್ಡಿಗೆ ಟ್ರಾವೆಲ್‌ಕಾರ್ಡ್‌ಗಳ ಮೇಲೆ ಶೇ 30 ಕಡಿತ. ಅಮೆರಿಕದ ಸಣ್ಣ ಕಾಲೇಜು ಊರುಗಳಲ್ಲಿ ಕ್ಯಾಂಪಸ್ ಬಸ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಕಾರಿನ ವಿಮೆಯ ಖರ್ಚು ಮೊದಲೇ ಲೆಕ್ಕಕ್ಕಿರಲಿ. ಕೆಲಸ ಹಿಡಿಯುವಾಗಲೂ ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಹಿಡಿಯಬೇಕು. ರಾತ್ರಿ ಹನ್ನೆರಡಕ್ಕೆ ಮುಗಿಯುವ ಪಾಳಿಯ ಒಂದು ಗಂಟೆಯ ಕೂಲಿಯನ್ನು ಟ್ಯಾಕ್ಸಿಯೇ ತಿಂದುಬಿಡುತ್ತದೆ.

ಕಷ್ಟ ಬಂದಾಗ ಹೋಗುವ ಬಾಗಿಲುಗಳಿವೆ. ಇಂಗ್ಲೆಂಡಿನ ಕನ್ನಡ ಬಳಗ, ಫ್ರಾಂಕ್‌ಫರ್ಟ್ ಕಡೆಯ ರೈನ್‌ಮೈನ್ ಕನ್ನಡ ಸಂಘ, ಸಿಡ್ನಿ ಕನ್ನಡ ಸಂಘ ಇಂಥವು. ರಾಜ್ಯೋತ್ಸವ, ಯುಗಾದಿಗೆ ಮಾತ್ರ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳೇ ಹೆಚ್ಚು. ಮೊದಲ ತಿಂಗಳು ಮನೆ ಸಿಗದಾಗ, ಬಾಡಿಗೆ ಕರಾರು ಅರ್ಥವಾಗದಾಗ ಅಲ್ಲಿಯ ಹಿರಿಯರನ್ನು ಕೇಳಲು ಸಂಕೋಚ ಬೇಡ. ವಿಶ್ವವಿದ್ಯಾಲಯಗಳಲ್ಲೂ ಆಪತ್ಕಾಲದ ನಿಧಿ ಇರುವುದುಂಟು. ಮಲೆನಾಡಿನವರಿಗೆ ಕೇಳುವುದು ಕಷ್ಟ, ಮನೆಗೆ ತಿಳಿಸುವುದು ಇನ್ನೂ ಕಷ್ಟ. ಅಪ್ಪನಿಗೆ ಈಗ ದುಡ್ಡಿಲ್ಲ ಎಂದು ಗೊತ್ತಿರುವ ಮಗಳು ಜುಲೈನಲ್ಲಿ ಬಾಯಿ ಬಿಡುವುದಿಲ್ಲ. ಒಂದು ಹೊತ್ತಿನ ಊಟ ಬಿಡುತ್ತಾಳೆ. ಮನೆಯವರು ಫೋನಿನಲ್ಲಿ ಮಳೆಯ ಸುದ್ದಿ ಕೇಳಿ ಹೇಳುವ ಜೊತೆಗೆ ಖಾತೆಯಲ್ಲಿ ಎಷ್ಟಿದೆ ಎಂದೂ ಕೇಳಬೇಕು.

ಸಾಲದ ಇನ್ನೊಂದು ತುದಿ ಉಳಿದಿದೆ. ಓದು ಮುಗಿದು ಆರು ತಿಂಗಳೋ ಒಂದು ವರ್ಷವೋ ಆದ ಮೇಲೆ ಕಂತು ಶುರುವಾಗುತ್ತದೆ, ತಿಂಗಳಿಗೊಂದರಂತೆ. ಮಗನಿಗೆ ಅಷ್ಟರಲ್ಲಿ ಕೆಲಸ ಸಿಕ್ಕಿದ್ದರೆ ಸರಿ. ಸಿಗದಿದ್ದರೆ ಕಟ್ಟಬೇಕಾದವರು ವರ್ಷಕ್ಕೊಮ್ಮೆ ದುಡ್ಡು ಕಾಣುವ ತಂದೆ ತಾಯಿ. ಇಂಗ್ಲೆಂಡ್ ಓದಿನ ನಂತರದ ಎರಡು ವರ್ಷದ ಕೆಲಸದ ಅವಧಿಯನ್ನು 2027ರಿಂದ ಹದಿನೆಂಟು ತಿಂಗಳಿಗೆ ಇಳಿಸುತ್ತಿದೆ. ಕೆಲಸ ಹುಡುಕಲು ಸಿಗುವ ಕಾಲ ಕಡಿಮೆಯಾಗುತ್ತಿದೆ. ಅದೇ ಬ್ಯಾಂಕು ಅದೇ ಬೆಳೆಗಾರನ ಬೆಳೆಸಾಲವನ್ನು ಕೊಯ್ಲಿನ ನಂತರ ಒಮ್ಮೆಗೆ ಕಟ್ಟಿಸಿಕೊಳ್ಳುತ್ತದೆ. ಶಿಕ್ಷಣ ಸಾಲಕ್ಕೂ ಕೃಷಿ ಕುಟುಂಬಗಳಿಗೆ ವರ್ಷಕ್ಕೊಂದು ಅಥವಾ ಎರಡು ಕಂತು, ಫೆಬ್ರವರಿಯಿಂದ ಏಪ್ರಿಲ್ ನಡುವೆ ಎಂದು ಗೊತ್ತುಮಾಡಿದರೆ ಬ್ಯಾಂಕಿಗೆ ಬರುವ ಬಡ್ಡಿ ಏನೂ ಕಡಿಮೆಯಾಗುವುದಿಲ್ಲ, ಸುಸ್ತಿಯಾಗುವ ಖಾತೆಗಳು ಕಡಿಮೆಯಾಗುತ್ತವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿಟ್ಟ ಕಾಫಿಯ ರಸೀದಿಯ ಮೇಲೆ ಆಗಸ್ಟ್ ಫೀಸಿಗೆ ಮುಂಗಡ ಕೊಡುವುದೂ ಬ್ಯಾಂಕುಗಳಿಗೆ ಹೊಸ ವಿದ್ಯೆಯಲ್ಲ, ಸರಕಿನ ಅಡಮಾನದ ಸಾಲ ಅವು ಕೊಡುತ್ತಲೇ ಬಂದಿವೆ. ಬೆಳೆಗಾರರ ಸಂಘಗಳ ಸಭೆಗಳಲ್ಲಿ ಆನೆ ಹಾವಳಿ, ಕಾರ್ಮಿಕರ ಕೊರತೆ, ಸರ್ಫೇಸಿ ಪ್ರತಿ ಸಲ ಚರ್ಚೆಗೆ ಬರುತ್ತವೆ, ಬರಬೇಕಾದವೇ. ಮಳೆಗಾಲ ಹಿಡಿಯುವ ಮೊದಲು ನಡೆಯುವ ಸಭೆಯಲ್ಲಿ, ಜಿಲ್ಲೆಯ ಬ್ಯಾಂಕ್ ಅಧಿಕಾರಿಗಳು ಎದುರಿಗೆ ಕೂತಿರುವಾಗ, ಕೊಯ್ಲಿನ ಕಂತು, ರಸೀದಿಯ ಮೇಲಿನ ಮುಂಗಡ ಎಂಬ ಈ ಎರಡು ಬೇಡಿಕೆಗಳನ್ನೂ ಬರವಣಿಗೆಯಲ್ಲಿ ಕೊಡಬೇಕು.